ಹಳೇ ಕಂಪ್ಯೂಟರಿಗೆ ಬಾಡಿಗೆ ಮನೆಯ ಲೆಕ್ಕ

ಹೈಸ್ಕೂಲೋ ಪಿಯುಸಿಯೋ ಓದುವ ಮಕ್ಕಳಿರುವ ಮನೆಗಳಲ್ಲಿ 'ಗೇಮಿಂಗ್ ಪಿಸಿ' ಅನ್ನೋ ಮಾತು ಈಗ ಹೊಸದೇನಲ್ಲ. ನಮ್ಮ ಕಾಲದಲ್ಲಿ ಸೈಕಲ್ ಕೇಳುತ್ತಿದ್ದ ವಯಸ್ಸಿನಲ್ಲಿ ಇವರು ಗ್ರಾಫಿಕ್ಸ್ ಕಾರ್ಡ್ ಕೇಳುತ್ತಾರೆ. ಅಂಗಡಿಯಲ್ಲಿ ವಿಚಾರಿಸಿದರೆ ಎಪ್ಪತ್ತು ಸಾವಿರ, ಎಂಬತ್ತು ಸಾವಿರ ಅಂತಾರೆ. ನಮ್ಮಂಥವರಿಗೆ ಅದು ಒಂದು ವರ್ಷದ ಕಾಲೇಜು ಫೀಸು. ಅಪ್ಪ ಅಮ್ಮ 'ನೋಡೋಣ' ಅಂತಾರೆ. ಆ 'ನೋಡೋಣ'ದ ಅರ್ಥ ಮಕ್ಕಳಿಗೂ ಗೊತ್ತು. ಅಲ್ಲಿಗೆ ಮಾತು ನಿಲ್ಲುತ್ತೆ.

ಆದರೆ ಅದೇ ಮನೆಗಳ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತ ಹಳೇ ಡೆಸ್ಕ್‌ಟಾಪ್ ಒಂದಿರುತ್ತೆ. ಅದನ್ನೇ ಸ್ವಲ್ಪ ದುಡ್ಡಿನಲ್ಲಿ ಆಟಕ್ಕೆ ತಯಾರು ಮಾಡಬಹುದಾ? ಎಷ್ಟು ಖರ್ಚು ಮಾಡಬೇಕು, ಮುಖ್ಯವಾಗಿ ಎಲ್ಲಿ ನಿಲ್ಲಿಸಬೇಕು? ಈ ಸಲದ ಅಂಕಣ ಅದರ ಬಗ್ಗೆ. ಕಳೆದ ದಸರಾ ಹೊತ್ತಿನಲ್ಲಿ ನಮ್ಮನೆಯಲ್ಲಿ ಹದಿನೈದು ಸಾವಿರದೊಳಗೆ ಈ ಕೆಲಸ ಮಾಡಿದ ಲೆಕ್ಕವನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಮ್ಮನೆ ವಿಜಯನಗರದಲ್ಲಿ, ಮಾರುತಿ ಮಂದಿರದ ಹತ್ತಿರ. ಕಂಪ್ಯೂಟರ್ ತಂದಿದ್ದು 2015ರಲ್ಲಿ. ಇಂಟೆಲ್ ನಾಲ್ಕನೇ ತಲೆಮಾರಿನ ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, 1 ಟಿಬಿ ಹಾರ್ಡ್‌ಡಿಸ್ಕ್. ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ, ಯಾಕಂದ್ರೆ ಅದು ಆಟಕ್ಕೆ ತಂದಿದ್ದಲ್ಲ, ನನ್ನ ಕೆಲಸಕ್ಕೆ ತಂದಿದ್ದು. ಮೂರು ಅಂಗಡಿಗಳ ಲೆಕ್ಕ ನಾನು ಮನೆಯಿಂದಲೇ ಟ್ಯಾಲಿಯಲ್ಲಿ ಬರೆಯುತ್ತೇನೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಆ ದಿನಗಳಲ್ಲಿ ಈ ಡಬ್ಬ ಕೈಕೊಟ್ಟರೆ ಅಂಗಡಿಯವರಿಗೆ ಲೇಟ್ ಫೀಸು, ನನಗೆ ಗಿರಾಕಿ ನಷ್ಟ. ಹಾಗಾಗಿ ಫಸ್ಟ್ ಪಿಯುಸಿ ಓದುವ ಮಗ "ಅಮ್ಮ, ಹೊಸದು ಬೇಡ, ಇದನ್ನೇ ಅಪ್‌ಗ್ರೇಡ್ ಮಾಡೋಣ" ಅಂದಾಗ ನನಗೆ ಮೊದಲು ಹೊಳೆದದ್ದು ಆಟವಲ್ಲ, ನಮ್ಮ ಅನ್ನ.

ನಮ್ಮ ಯಜಮಾನರ ಚಿಂತೆ ಬೇರೆ. "ಆನ್‌ಲೈನ್ ಗೇಮ್ ಅಂತ ಎಷ್ಟು ಜನ ದುಡ್ಡು ಕಳಕೊಂಡಿಲ್ಲ?" ಅಂದರು. ಅವರು ಹೇಳಿದ್ದು ದುಡ್ಡು ಕಟ್ಟಿ ಆಡುವ ಆಟಗಳ ವಿಷಯ. ಅವನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕಾಯ್ದೆಯನ್ನೇ ತಂದಿದೆ. ಮಗ ಕೇಳುತ್ತಿರುವುದು ಅದಲ್ಲ, ಒಂದು ಸಲ ಕೊಂಡು ಅಥವಾ ಪುಕ್ಕಟೆ ಇಳಿಸಿಕೊಂಡು ಆಡುವ ಆಟ. ಆದರೂ ಪುಕ್ಕಟೆ ಆಟದೊಳಗೆ ಬಣ್ಣದ ಬಂದೂಕು, ವೇಷ ಅಂತ ಮಾರುವ ಅಂಗಡಿ ಇದ್ದೇ ಇರುತ್ತೆ. ಅದಕ್ಕೇ ಕಂಪ್ಯೂಟರಿನಲ್ಲಿ ಯಾರ ಕಾರ್ಡ್ ನಂಬರೂ ಉಳಿಸಿಡಬಾರದು ಅಂತ ಮೊದಲೇ ತೀರ್ಮಾನವಾಯಿತು.

ಚೀಟಿ ದುಡ್ಡಿನಲ್ಲಿ ಹನ್ನೆರಡು ಸಾವಿರ, ಎಸ್ಸೆಸ್ಸೆಲ್ಸಿ ಪಾಸಾದಾಗ ನೆಂಟರು ಮಗನ ಕೈಗಿಟ್ಟದ್ದರಲ್ಲಿ ಮೂರು ಸಾವಿರ. ಒಟ್ಟು ಹದಿನೈದು. ಒಂದು ರೂಪಾಯಿ ಜಾಸ್ತಿ ಇಲ್ಲ ಅಂತ ಗೆರೆ ಎಳೆದೆವು.

ಮೊದಲು ತಪಾಸಣೆ

ಮೈಗೆ ಹುಷಾರಿಲ್ಲ ಅಂದರೆ ಡಾಕ್ಟರು ಮೊದಲು ರಕ್ತ ಪರೀಕ್ಷೆ ಬರೆದುಕೊಡುತ್ತಾರಲ್ಲ, ಇಲ್ಲೂ ಹಾಗೇ. ಯಾವ ಭಾಗ ಸೋಲುತ್ತಿದೆ ಅಂತ ನೋಡದೆ ಅಂಗಡಿಗೆ ಹೋಗಬಾರದು. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ. ಆಟ ಆಡುವಾಗಲೇ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟರೆ ಸಾಕು. ಪ್ರೊಸೆಸರ್, ಮೆಮೊರಿ, ಡಿಸ್ಕ್, ಗ್ರಾಫಿಕ್ಸ್ ಇವುಗಳಲ್ಲಿ ಯಾವುದು ನೂರಕ್ಕೆ ನೂರು ಮುಟ್ಟಿ ಒದ್ದಾಡುತ್ತಿದೆಯೋ ಅದೇ ಸೋಲುತ್ತಿರುವ ಭಾಗ.

ಮಗ ಮೂರು ದಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಜಿಟಿಎ 5 ಶುರುವಾಗುವಾಗ ಡಿಸ್ಕ್ 100, ನಾಲ್ಕೈದು ನಿಮಿಷ ಕಾಯಬೇಕು. ಆಡುವಾಗ ಗ್ರಾಫಿಕ್ಸ್ 100, ಮೆಮೊರಿ 85ರಿಂದ 90, ಪ್ರೊಸೆಸರ್ ಮಾತ್ರ 60ರ ಆಸುಪಾಸು. ಅಂದರೆ ಪ್ರೊಸೆಸರಿಗೆ ಇನ್ನೂ ಉಸಿರಿದೆ. ಅಷ್ಟರವರೆಗೆ ಅವನ ಪಟ್ಟಿಯ ತಲೆಯಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಐ7-4770. ಬೆಲೆ ನಾಲ್ಕು ಸಾವಿರ. ನೋಟ್‌ಬುಕ್ ನೋಡಿದ ಮೇಲೆ ನಾನು ಏನೂ ಹೇಳಬೇಕಾಗಲಿಲ್ಲ, ಅವನೇ ಅದರ ಮೇಲೆ ಗೆರೆ ಹಾಕಿದ. ನಾವು ಬೇಡ ಅಂದಿದ್ದರೆ ಅದು ಜಗಳ. ಅಂಕಿ ಬೇಡ ಅಂದರೆ ಅದು ಲೆಕ್ಕ.

ಇನ್ನೊಂದು ಸಂಗತಿ ಮಾನಿಟರಿನದು. ನಮ್ಮದು ಹಳೇ ಹದಿನೆಂಟೂವರೆ ಇಂಚಿನದು, ಅದರ ಪರದೆಯಲ್ಲಿ 1366 ಅಡ್ಡ, 768 ಉದ್ದ ಚುಕ್ಕೆಗಳು. ಒಟ್ಟು ಸುಮಾರು ಹತ್ತೂವರೆ ಲಕ್ಷ. ಈಗಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ 1920 ಗುಣಿಲೆ 1080, ಇಪ್ಪತ್ತು ಲಕ್ಷಕ್ಕೂ ಮೇಲೆ. ಸೆಕೆಂಡಿಗೆ ಅರವತ್ತು ಸಲ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡಿಗೆ ನಮ್ಮನೆಯಲ್ಲಿ ಅರ್ಧದಷ್ಟೇ ಕೆಲಸ. ಸಣ್ಣ ಪರದೆ ಇದ್ದವರು ದೊಡ್ಡ ಕಾರ್ಡ್ ತರುವುದು ಇಬ್ಬರಿರುವ ಮನೆಗೆ ಮದುವೆ ಮನೆ ಕೊಳದಪ್ಪಲೆ ತಂದ ಹಾಗೆ.

ಬಾಡಿಗೆ ಮನೆಯ ಲೆಕ್ಕ

ಏನು ಕೊಳ್ಳಬೇಕು ಅನ್ನುವುದಕ್ಕೆ ನಾನು ಇಟ್ಟುಕೊಂಡಿದ್ದು ಒಂದೇ ಪ್ರಶ್ನೆ. ಬಾಡಿಗೆ ಮನೆಗೆ ನಾವು ಫ್ಯಾನು, ಗೀಸರ್, ಪರದೆ ಕೊಂಡು ಹಾಕಿಸುತ್ತೇವೆ. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಆದರೆ ನಮ್ಮ ದುಡ್ಡಿನಲ್ಲಿ ನೆಲಕ್ಕೆ ಟೈಲ್ಸ್ ಹಾಕಿಸಲ್ಲ. ಹಳೇ ಮದರ್‌ಬೋರ್ಡ್ ಅಂದರೆ ಬಾಡಿಗೆ ಮನೆ. ಇವತ್ತಲ್ಲ ನಾಳೆ ಖಾಲಿ ಮಾಡಲೇಬೇಕು. ಕೊಳ್ಳುವ ಭಾಗ ಮುಂದಿನ ಮನೆಗೂ ಬರುತ್ತಾ, ಇಲ್ಲೇ ಉಳಿಯುತ್ತಾ? ಇದಿಷ್ಟೇ ಪ್ರಶ್ನೆ.

ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ ಮೂರೂ ಮುಂದಕ್ಕೆ ಬರುತ್ತವೆ. ಡಿಡಿಆರ್3 ರ‍್ಯಾಮ್ ಮತ್ತು ಹಳೇ ಸಾಕೆಟ್ಟಿನ ಪ್ರೊಸೆಸರ್ ಇಲ್ಲೇ ಉಳಿಯುತ್ತವೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಸ್ಟಿಕ್ಕುಗಳಲ್ಲಿ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತೆ, ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಐ7ಗೆ ನಾಲ್ಕು ಸಾವಿರ ಕೊಡುವುದು ಟೈಲ್ಸ್ ಹಾಕಿಸಿದ ಹಾಗೆ. 8 ಜಿಬಿಯ ಇನ್ನೊಂದು ಹಳೇ ಸ್ಟಿಕ್ಕಿಗೆ ಒಂಬತ್ತು ನೂರು ಕೊಡುವುದು ಬಾಗಿಲಿಗೆ ಚಿಲಕ ಹಾಕಿಸಿದ ಹಾಗೆ. ಅಷ್ಟು ಪರವಾಗಿಲ್ಲ. ಒಂದರ ಬದಲು ಎರಡು ಸ್ಟಿಕ್ ಇದ್ದರೆ ಎರಡು ದಾರಿಯಲ್ಲಿ ಡೇಟಾ ಓಡುತ್ತೆ, ಆ ಲಾಭವೂ ಸಿಗುತ್ತೆ.

ಗ್ರಾಫಿಕ್ಸ್ ಕಾರ್ಡಿನಲ್ಲಿ ನಮ್ಮ ಮುಂದೆ ಮೂರು ದಾರಿ ಇದ್ದವು. ಅಗ್ಗದ್ದು 2016ರ ಜಿಟಿಎಕ್ಸ್ 1050 ಟಿಐ. ಆದರೆ ಆ ಹತ್ತರ ಸಾಲಿನ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ 2025ರ ಅಕ್ಟೋಬರಿಗೆ ಮುಗಿಯುತ್ತೆ, ಆಮೇಲೆ 2028ರ ಅಕ್ಟೋಬರ್‌ವರೆಗೆ ಭದ್ರತೆಯ ಅಪ್‌ಡೇಟ್ ಮಾತ್ರ ಅಂತ ಎನ್‌ವಿಡಿಯಾ ಹೇಳಿತ್ತು. ಎರಡನೆಯದು ಎಎಂಡಿಯ ಆರ್‌ಎಕ್ಸ್ 6400. ಚೆನ್ನಾಗಿದೆ, ಆದರೆ ಅದು ಮದರ್‌ಬೋರ್ಡಿನ ಜೊತೆ ಮಾತಾಡುವುದು ನಾಲ್ಕೇ ಲೇನಿನಲ್ಲಿ. ಹೊಸ ಬೋರ್ಡಿನಲ್ಲಿ ಅಷ್ಟು ಸಾಕು. ನಮ್ಮ ಎಚ್81ನ ಸ್ಲಾಟ್ ಪಿಸಿಐಇ 2.0, ಒಂದೊಂದು ಲೇನೂ ಇಕ್ಕಟ್ಟಿನ ಗಲ್ಲಿ. ನಾಲ್ಕು ಗಲ್ಲಿಯಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತೆ. ಮೂರನೆಯದು 2019ರಲ್ಲಿ ಬಂದ ಜಿಟಿಎಕ್ಸ್ 1650. 4 ಜಿಬಿ ಮೆಮೊರಿ, ಹದಿನಾರು ಲೇನ್, 75 ವ್ಯಾಟ್. ಬಹಳಷ್ಟು ಮಾದರಿಗಳಲ್ಲಿ ಬೇರೆ ಪವರ್ ಕೇಬಲ್ ಕೂಡ ಬೇಡ, ಸ್ಲಾಟಿನಿಂದಲೇ ಕರೆಂಟ್ ತಗೊಳ್ಳುತ್ತೆ. ಅದೇ ಇರಲಿ ಅಂದೆವು.

ಎಸ್‌ಎಂಪಿಎಸ್ ಚೀಟಿ ಓದಿ

ಈ ಭಾಗವನ್ನು ದಯವಿಟ್ಟು ಬಿಡದೆ ಓದಿ. ದುಡ್ಡು ಉಳಿಸಲು ಹೆಚ್ಚಿನವರು ಕೈಬಿಡುವುದು ಎಸ್‌ಎಂಪಿಎಸ್ಸನ್ನೇ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗುವಂತೆ ಮಾಡಿಕೊಡುವ ಡಬ್ಬ ಅದು. ಆಟಕ್ಕೆ ಏನೂ ಚಂದ ಕೊಡುವುದಿಲ್ಲ, ಆದರೆ ಅದು ಕೆಟ್ಟರೆ ಜೊತೆಗೆ ಇನ್ನೇನನ್ನು ಸುಡುತ್ತೆ ಹೇಳಲಾಗದು.

ನಮ್ಮ ಹಳೇದರ ಮೇಲೆ ದಪ್ಪಕ್ಷರದಲ್ಲಿ 450 ಅಂತಿತ್ತು. ಅದನ್ನು ನಂಬಬಾರದು. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಅನ್ನೋ ಸಾಲು ಹುಡುಕಿ, ಎಷ್ಟು ಆಂಪ್ ಅಂತ ನೋಡಿ, ಗುಣಿಸಿ. ನಮ್ಮದರಲ್ಲಿ 14 ಆಂಪ್ ಇತ್ತು. 12 ಗುಣಿಲೆ 14 ಅಂದರೆ 168 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಮುಖ್ಯವಾಗಿ ಈ 12 ವೋಲ್ಟಿನಿಂದಲೇ ಬದುಕುವುದು. ಪ್ರೊಸೆಸರಿಗೆ 84, ಕಾರ್ಡಿಗೆ 75. ಅಲ್ಲಿಗೇ 159. ಮೇಲೆ ಫ್ಯಾನು, ಡಿಸ್ಕು. ಹತ್ತು ವರ್ಷ ದುಡಿದ ಡಬ್ಬದ ಬೆನ್ನ ಮೇಲೆ ಅಷ್ಟು ಹೊರಿಸುವುದು ನ್ಯಾಯವಲ್ಲ. ಹೊಸದಾಗಿ ತಂದಿದ್ದೂ 450 ವ್ಯಾಟಿನದೇ, 80 ಪ್ಲಸ್ ಬ್ರಾಂಜ್ ಗುರುತಿನದು. ಆದರೆ ಅದರ ಚೀಟಿಯಲ್ಲಿ 12 ವೋಲ್ಟಿಗೆ 35 ಆಂಪ್, ಅಂದರೆ 420 ವ್ಯಾಟ್. ಹೊರಗಿನ ಅಂಕಿ ಒಂದೇ, ಒಳಗಿನ ಶಕ್ತಿ ಎರಡೂವರೆ ಪಟ್ಟು. ಮಗ ಇದನ್ನು ಗುಣಿಸಿ ತೋರಿಸಿದಾಗ, ಅಲ್ಲಿವರೆಗೆ ಪೇಪರ್ ಓದುತ್ತಿದ್ದ ಯಜಮಾನರು ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಬಂದು ಚೀಟಿ ನೋಡಿದರು. "ಇಷ್ಟೆಲ್ಲಾ ಕಲೀತಿದಾನೆ ಅಂದ್ರೆ ಪರವಾಗಿಲ್ಲ ಬಿಡು" ಅಂದರು. ನಮ್ಮನೆಯಲ್ಲಿ ಒಪ್ಪಿಗೆ ಸಿಗುವುದು ಹೀಗೇ.

ಎಸ್.ಪಿ. ರೋಡ್ ಅನ್ನೋ ಸಂತೆ

ಬೆಂಗಳೂರಲ್ಲಿ ಕಂಪ್ಯೂಟರ್ ಸಾಮಾನು ಅಂದರೆ ಎಸ್.ಪಿ. ರೋಡ್. ನಮ್ಮ ಕಡೆಯವರಿಗೆ ಮೆಟ್ರೋ ಆದಮೇಲೆ ಅದು ದೂರವೇ ಅಲ್ಲ. ಕೆಂಗೇರಿ, ವಿಜಯನಗರದವರು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್ಕಿಗೆ ಬಂದು ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ಸ್ಟಾಪೇ ಚಿಕ್ಕಪೇಟೆ. ರಾಜಾಜಿನಗರದವರಿಗೆ ಬದಲಾಯಿಸುವ ಕೆಲಸವೂ ಇಲ್ಲ, ಹಸಿರು ಮಾರ್ಗ ನೇರ ಹೋಗುತ್ತೆ. ಬಸವೇಶ್ವರನಗರದವರು ಮೆಜೆಸ್ಟಿಕ್ ಬಸ್ ಹಿಡಿಯಬಹುದು. ಚಿಕ್ಕಪೇಟೆಯಿಂದ ನಡೆದೇ ಹೋಗಬಹುದು. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ.

ಸೆಪ್ಟೆಂಬರಿನ 3ಬಿ ಸಲ್ಲಿಸಿ ಮುಗಿಸಿ, ಆಯುಧ ಪೂಜೆಗೆ ಮುಂಚಿನ ಶನಿವಾರ ನಾನೂ ಮಗನೂ ಹೋದೆವು. ಎಸ್‌ಎಸ್‌ಡಿ ಮತ್ತು ಎಸ್‌ಎಂಪಿಎಸ್ ಹೊಸದು, ಜಿಎಸ್‌ಟಿ ಬಿಲ್ ಸಮೇತ. ಬಿಲ್ ಇಲ್ಲದೆ ಇನ್ನೂರು ಕಡಿಮೆ ಅಂದರೂ ಒಪ್ಪಲಿಲ್ಲ. ಹೊಸ ಸಾಮಾನಿನ ವಾರಂಟಿ ಅಂದರೆ ಆ ಕಾಗದವೇ.

ಸೆಕೆಂಡ್ ಹ್ಯಾಂಡ್ ಕಾರ್ಡಿನಲ್ಲಿ ಮಾತ್ರ ಕಣ್ಣು ಚುರುಕಾಗಿರಬೇಕು. ಮೊದಲು ಹೋದ ಒಂದು ಅಂಗಡಿಯಲ್ಲಿ ಬೆಲೆ ತುಂಬಾ ಕಡಿಮೆ ಹೇಳಿದರು. ಮಗ ಪೆನ್‌ಡ್ರೈವಿನಲ್ಲಿ ಜಿಪಿಯು-ಝಡ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ತಂದಿದ್ದ. ಹಳೇ ಚಿಪ್ಪಿಗೆ ಹೊಸ ಹೆಸರು ಅಂಟಿಸಿದ ಕಾರ್ಡಾದರೆ ಅದು ಹಿಡಿದು ಹೇಳುತ್ತೆ. "ಅಣ್ಣಾ, ಒಂದ್ಸಲ ಹಾಕಿ ತೋರಿಸಿ" ಅಂದದ್ದಕ್ಕೆ "ಟೆಸ್ಟಿಂಗ್ ಎಲ್ಲ ಇಲ್ಲ ಮೇಡಂ, ಬೇಕಿದ್ರೆ ತಗೊಳ್ಳಿ" ಅಂದರು. ನಮಸ್ಕಾರ ಹೇಳಿ ಹೊರಟೆವು. ಇನ್ನೊಂದು ಅಂಗಡಿಯವರು ಬೇಜಾರಿಲ್ಲದೆ ಹಾಕಿ, ಕಾಲು ಗಂಟೆ ಭಾರ ಕೊಟ್ಟು ಓಡಿಸಿ ತೋರಿಸಿದರು. ಪರದೆಯಲ್ಲಿ ಗೆರೆ ಬರಲಿಲ್ಲ, ಫ್ಯಾನ್ ಕಿರುಗುಟ್ಟಲಿಲ್ಲ, ಬಿಸಿ 75 ಡಿಗ್ರಿ ದಾಟಲಿಲ್ಲ. ಏಳು ಸಾವಿರ ಹೇಳಿದ್ದು ಆರೂವರೆಗೆ ಕುದುರಿತು. ಒಂದು ತಿಂಗಳ ವಾರಂಟಿಯನ್ನು ಸೀರಿಯಲ್ ನಂಬರ್ ಸಮೇತ ಬರೆಸಿಕೊಂಡೆ.

ಒಂದು ಸಣ್ಣ ವಿಷಯ. 1650ರಲ್ಲಿ ಹಳೇ ಮಾನಿಟರಿನ ನೀಲಿ ವಿಜಿಎ ಪಿನ್ನಿಗೆ ಜಾಗವಿಲ್ಲ. ಎಚ್‌ಡಿಎಂಐನಿಂದ ವಿಜಿಎ ಮಾಡುವ ಕನ್ವರ್ಟರ್ ಅಲ್ಲೇ ತಗೊಳ್ಳಿ. ಮನೆಗೆ ಬಂದಮೇಲೆ ನೆನಪಾದರೆ ಇನ್ನೊಂದು ದಿನ ಹಾಳು.

ಜೋಡಿಸುವ ಮುಂಚೆ

ಕಂಪ್ಯೂಟರಿನಲ್ಲಿ ದುಡಿಮೆ ಇರುವವರು ಮೊದಲು ಬ್ಯಾಕಪ್ ಮಾಡಿ, ಆಮೇಲೆ ಸ್ಕ್ರೂಡ್ರೈವರ್ ಮುಟ್ಟಿ. ಟ್ಯಾಲಿ ಡೇಟಾ ಎರಡು ಕಡೆ ಇಟ್ಟೆ, ಒಂದು ಪೆನ್‌ಡ್ರೈವಿನಲ್ಲಿ, ಇನ್ನೊಂದು ತಂಗಿಯ ಲ್ಯಾಪ್‌ಟಾಪಿನಲ್ಲಿ. ಡಿಸ್ಕ್ ಬದಲಾಯಿಸುವ ಮುಂಚೆ ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಿದೆ, ಹೊಸ ಡಿಸ್ಕಿನಲ್ಲಿ ಮತ್ತೆ ಆಕ್ಟಿವೇಟ್ ಮಾಡಿಕೊಂಡೆ.

ಮುಚ್ಚಳ ತೆಗೆದರೆ ಒಳಗೆ ಮಾಗಡಿ ರೋಡಿನ ಧೂಳೆಲ್ಲ ಇತ್ತು. ಬ್ರಷ್ಷಿನಿಂದ ಗುಡಿಸಿ, ಪ್ರೊಸೆಸರಿನ ಮೇಲೆ ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದ. ಧೂಳು ಊದಿಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು, ಗಾಳಿಗೆ ಗಿರಗಿರನೆ ತಿರುಗಲು ಬಿಡಬಾರದು. ಎಚ್81ರಲ್ಲಿ ಎರಡು ಸಾಟಾ ಪೋರ್ಟ್ ಮಾತ್ರ ವೇಗದವು, ಎಸ್‌ಎಸ್‌ಡಿಯನ್ನು ಅದರಲ್ಲೊಂದಕ್ಕೆ ಹಾಕಬೇಕು. ಯಾವುದು ಅಂತ ಬೋರ್ಡಿನ ಪುಸ್ತಕದಲ್ಲಿ ಇರುತ್ತೆ. ಆಯುಧ ಪೂಜೆಯ ದಿನ ಹಳೇ ಡಬ್ಬಕ್ಕೆ ಹೊಸ ಕುಂಕುಮ ಬಿತ್ತು.

ಈಗ ಲೆಕ್ಕ. ಎಸ್‌ಎಸ್‌ಡಿ 2,900. ಕಾರ್ಡ್ 6,500. ಎಸ್‌ಎಂಪಿಎಸ್ 2,800. ರ‍್ಯಾಮ್ 900. ಪೇಸ್ಟ್, ಬ್ರಷ್, ಕನ್ವರ್ಟರ್ 600. ಒಟ್ಟು 13,700. ಇದರಲ್ಲಿ ಮೊದಲ ಮೂರರ 12,200 ರೂಪಾಯಿ ಸಾಮಾನು ಮುಂದಿನ ಮನೆಗೂ ಬರುತ್ತೆ. ಇಲ್ಲೇ ಉಳಿಯುವುದು 1,500 ಅಷ್ಟೇ. ಇದು ಆಗಿನ ಬೆಲೆ. 2025ರ ಕೊನೆಯಿಂದ ಹೊಸ ಮೆಮೊರಿ ಮತ್ತು ಎಸ್‌ಎಸ್‌ಡಿ ಬೆಲೆ ಏರಿದೆ, ನೀವು ಹೋಗುವ ಮುಂಚೆ ವಿಚಾರಿಸಿಕೊಳ್ಳಿ.

ಏನು ಸಿಕ್ಕಿತು, ಏನು ಸಿಗಲ್ಲ

ಜಿಟಿಎ 5 ಈಗ ಒಂದು ನಿಮಿಷದೊಳಗೆ ತೆರೆಯುತ್ತೆ, ಸೆಕೆಂಡಿಗೆ ಅರವತ್ತು ಚಿತ್ರದ ಆಸುಪಾಸಿನಲ್ಲಿ ನುಣ್ಣಗೆ ಓಡುತ್ತೆ. ವ್ಯಾಲರಂಟ್ ನೂರು ದಾಟುತ್ತೆ. ಮಾನಿಟರ್ ತೋರಿಸುವುದೇ ಅರವತ್ತು, ಹಾಗಾಗಿ ಅದಕ್ಕೂ ಮೇಲಿನದು ಸ್ನೇಹಿತರ ಹತ್ತಿರ ಹೇಳಿಕೊಳ್ಳಲು. ನನ್ನ ಟ್ಯಾಲಿ ಕ್ಲಿಕ್ ಮಾಡಿದ ತಕ್ಷಣ ತೆರೆಯುತ್ತೆ. ನಿಜ ಹೇಳಬೇಕಂದ್ರೆ ಎಸ್‌ಎಸ್‌ಡಿಯಿಂದ ಹೆಚ್ಚು ಸುಖಪಟ್ಟವಳು ನಾನೇ.

ಆದರೆ ಸಿಗದೇ ಇರುವುದನ್ನೂ ಮಕ್ಕಳಿಗೆ ಮೊದಲೇ ಹೇಳಬೇಕು. ಸೈಬರ್‌ಪಂಕ್ 2077 ಥರದ ಆಟಕ್ಕೆ ಕನಿಷ್ಠ ಅಂತ ಕೇಳುವುದೇ ಐ7-6700 ಮತ್ತು 6 ಜಿಬಿಯ ಜಿಟಿಎಕ್ಸ್ 1060. ಅದು ನಮ್ಮ ಅಳತೆಗೆ ಮೀರಿದ್ದು. ಅದಕ್ಕಿಂತ ದೊಡ್ಡ ಗೋಡೆ ವಿಂಡೋಸ್‌ನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಎಂಟನೇ ತಲೆಮಾರಿನ ಪ್ರೊಸೆಸರ್, ಟಿಪಿಎಂ 2.0 ಬೇಕು, ನಮ್ಮ ನಾಲ್ಕನೇ ತಲೆಮಾರಿನದು ಆ ಪಟ್ಟಿಯಲ್ಲಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿ ಹೆಸರು ನೋಂದಾಯಿಸಿದರೆ ಭದ್ರತೆಯ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಕಾಸಿಲ್ಲದೆ ಸಿಗುತ್ತೆ. ನಾವು ಹಾಗೇ ಮಾಡಿದ್ದೇವೆ. ಆ ತಾರೀಖು ಬಂತೆಂದರೆ ಅಂಗಡಿಗಳ ಲೆಕ್ಕವನ್ನು ಈ ಬೋರ್ಡಿನ ಮೇಲೆ ಇಡುವುದಿಲ್ಲ. ಅಂದರೆ ಮನೆ ಖಾಲಿ ಮಾಡುವ ದಿನ ನಮಗೆ ಈಗಲೇ ಗೊತ್ತು. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಈ ಮೂರಕ್ಕೆ ಮಾತ್ರ ದುಡ್ಡು ಹೊಂದಿಸಿದರೆ ಸಾಕು. ಉಳಿದದ್ದನ್ನು ಬಿಚ್ಚಿಕೊಂಡು ಹೋಗುತ್ತೇವೆ.

ಅಲ್ಲಿಯವರೆಗೆ ಒಂದೇ ಡಬ್ಬದಲ್ಲಿ ಅಮ್ಮನ ಲೆಕ್ಕ, ಮಗನ ಆಟ ಎರಡೂ ಇರಬೇಕಲ್ಲ. ಮಗನಿಗೆ ಬೇರೆ ಯೂಸರ್ ಅಕೌಂಟ್, ಅಡ್ಮಿನ್ ಪಾಸ್‌ವರ್ಡ್ ನನ್ನ ಹತ್ತಿರ. ಕಳ್ಳ ಕಾಪಿ ಆಟ ಇಳಿಸುವಂತಿಲ್ಲ. ಅದರ ಜೊತೆ ಏನು ಬರುತ್ತೋ ಯಾರಿಗೆ ಗೊತ್ತು, ಇದರಲ್ಲಿ ಬೇರೆಯವರ ವ್ಯಾಪಾರದ ಗುಟ್ಟುಗಳಿವೆ. 11 ಮತ್ತು 20ರ ಹಿಂದಿನ ಎರಡು ದಿನ ಕಂಪ್ಯೂಟರ್ ಪೂರಾ ನನ್ನದು. ಹಳೇ ಹಾರ್ಡ್‌ಡಿಸ್ಕ್ ಬಿಸಾಕಲಿಲ್ಲ, ಪ್ರತಿ ಶನಿವಾರ ಟ್ಯಾಲಿ ಬ್ಯಾಕಪ್ ಅದರೊಳಗೆ ಹೋಗುತ್ತೆ. ಆ ಕೆಲಸ ಮಗನದು, ಈವರೆಗೆ ಒಂದು ವಾರವೂ ತಪ್ಪಿಸಿಲ್ಲ.

ಉಳಿದ 1,300 ರೂಪಾಯಿ ಏನಾಯಿತು ಅಂತ ಕೇಳ್ತೀರಾ? ಹೆಡ್‌ಸೆಟ್ ಬೇಕು ಅಂತ ಅವನು, ಯುಪಿಎಸ್ ಬ್ಯಾಟರಿ ಬದಲಾಯಿಸಬೇಕು ಅಂತ ನಾನು. ಬಂದೂಕಿನ ಸದ್ದು ಕೇಳಿ ಕೇಳಿ ಸಾಕಾಗಿದ್ದ ಯಜಮಾನರು ಹೆಡ್‌ಸೆಟ್ ಪರ ಓಟು ಹಾಕಿದರು. ಬ್ಯಾಟರಿ ದುಡ್ಡು ನನ್ನ ಮುಂದಿನ ತಿಂಗಳ ಫೀಸಿನಿಂದ ಹೋಯಿತು. ಮನೆ ಯುಪಿಎಸ್ ಆರಿಸುವ ಲೆಕ್ಕವನ್ನು ಮುಂದಿನ ಸಲ ಬರೆಯುತ್ತೇನೆ. ಅಷ್ಟರಲ್ಲಿ ನಿಮ್ಮನೆ ಮೂಲೆಯ ಡಬ್ಬದ ಬಟ್ಟೆ ತೆಗೆದು, ಎಸ್‌ಎಂಪಿಎಸ್ ಚೀಟಿಯಲ್ಲಿ 12 ವೋಲ್ಟಿನ ಮುಂದೆ ಎಷ್ಟು ಆಂಪ್ ಇದೆ ಅಂತ ನೋಡಿ ಬರೆದಿಟ್ಟುಕೊಳ್ಳಿ. ಆ ಅಂಕಿ ಆಗಲೂ ಬೇಕಾಗುತ್ತೆ.